ರಕ್ಷಣಾ ಬಜೆಟ್ ಓದುವುದು ಹೇಗೆ: ಸೇನಾ ಕಾರ್ಯತಂತ್ರದ ಚರ್ಚೆಗಳನ್ನು ಲೆಕ್ಕದ ಒರೆಗಲ್ಲಿಗೆ ಹಚ್ಚಲು ಒಂದು ಕೈಪಿಡಿ

ಭಾರತ ಸರ್ಕಾರವು ತನ್ನ ರಾಷ್ಟ್ರೀಯ ಭದ್ರತಾ ಕಾರ್ಯತಂತ್ರವನ್ನು ಒಂದು ದಾಖಲೆಯ ರೂಪದಲ್ಲಿ ಇದುವರೆಗೆ ಪ್ರಕಟಿಸಿಲ್ಲ. ಅಮೆರಿಕ, ಬ್ರಿಟನ್, ಜಪಾನ್ ಮೊದಲಾದ ದೇಶಗಳು ಅಂಥ ದಾಖಲೆಯನ್ನು ಹೊರತಂದು, ತಮ್ಮ ಎದುರಾಳಿ ಯಾರು, ಯಾವ ಯುದ್ಧಕ್ಕೆ ತಾವು ಸಿದ್ಧರಾಗುತ್ತಿದ್ದೇವೆ ಎಂಬುದನ್ನು ಕಡೇಪಕ್ಷ ಸ್ಥೂಲವಾಗಿಯಾದರೂ ಹೇಳಿಕೊಳ್ಳುತ್ತವೆ. ನಮ್ಮಲ್ಲಿ ಆ ಜಾಗವನ್ನು ಸಚಿವರ ಭಾಷಣಗಳು, ಸೇನಾ ದಿನದ ಸಂದರ್ಶನಗಳು ಮತ್ತು ನಿವೃತ್ತ ಅಧಿಕಾರಿಗಳ ಟಿವಿ ಚರ್ಚೆಗಳು ತುಂಬಿಕೊಂಡಿವೆ. ಚೀನಾ ಮತ್ತು ಪಾಕಿಸ್ತಾನ ಎರಡನ್ನೂ ಏಕಕಾಲಕ್ಕೆ ಎದುರಿಸಲು ನಾವು ಸಿದ್ಧರಿದ್ದೇವೆಯೇ, ಮೂರನೆಯ ವಿಮಾನವಾಹಕ ನೌಕೆ ಬೇಕೇ, ಅಗ್ನಿಪಥ ಯೋಜನೆಯಿಂದ ಸೇನೆಗೆ ಬಲ ಬಂದಿದೆಯೇ, ಮೂರೂ ಪಡೆಗಳನ್ನು ಒಬ್ಬನೇ ದಂಡನಾಯಕನ ಕೈಕೆಳಗೆ ತರುವ ಥಿಯೇಟರ್ ಕಮಾಂಡ್‌ಗಳು ಏಕೆ ಇನ್ನೂ ರೂಪುಗೊಂಡಿಲ್ಲ ಎಂಬ ಪ್ರಶ್ನೆಗಳು ಬಂದಾಗ, ಯಾರ ದನಿ ಜೋರಾಗಿದೆಯೋ ಅವರ ಕಡೆಗೆ ಓದುಗ ವಾಲುವುದು ಸಹಜವೇ ಆಗಿದೆ.

ಆದರೆ ಪ್ರತಿ ವರ್ಷ ಫೆಬ್ರವರಿ 1ರಂದು ಸಂಸತ್ತಿನ ಮುಂದೆ ಬರುವ ಆಯವ್ಯಯ ಪತ್ರಗಳಲ್ಲಿ ಈ ಎಲ್ಲ ಪ್ರಶ್ನೆಗಳಿಗೂ ಉತ್ತರದ ಒಂದು ತುಣುಕು ಇದ್ದೇ ಇರುತ್ತದೆ. ಸರ್ಕಾರವೊಂದು ನಿಜಕ್ಕೂ ಯಾವ ಕಾರ್ಯತಂತ್ರವನ್ನು ಅನುಸರಿಸುತ್ತಿದೆ ಎಂಬುದು ಅದು ಹಣ ಕಟ್ಟಿದ ಕಡೆಯಲ್ಲಿ ಕಾಣುತ್ತದೆಯೇ ಹೊರತು ಅದು ಹೇಳಿದ ಮಾತಿನಲ್ಲಿ ಅಲ್ಲ ಎಂಬುದು ನನ್ನ ನಂಬಿಕೆ. ಈ ಬರಹ ಆ ಪತ್ರಗಳನ್ನು ಓದುವ ಕ್ರಮವನ್ನು ತಿಳಿಸುತ್ತದೆ. ಉದಾಹರಣೆಗಾಗಿ 2025–26ರ ಬಜೆಟ್ ಅಂಕಿಗಳನ್ನು ಬಳಸಿಕೊಂಡಿದ್ದೇನೆ. ಕ್ರಮ ಯಾವ ವರ್ಷಕ್ಕಾದರೂ ಅದೇ.

ಒಟ್ಟು ಮೊತ್ತವನ್ನು ಮೊದಲು ಒಡೆಯಿರಿ

ಪತ್ರಿಕೆಗಳ ಮುಖಪುಟದಲ್ಲಿ ಬರುವುದು ಒಂದೇ ಅಂಕಿ. 2025–26ರಲ್ಲಿ ಅದು ₹6,81,210 ಕೋಟಿ, ಅಂದರೆ ಕೇಂದ್ರ ಸರ್ಕಾರದ ಒಟ್ಟು ವೆಚ್ಚದ ಶೇ 13.45. ಈ ಅಂಕಿಯನ್ನು ಹಾಗೆಯೇ ಇಟ್ಟುಕೊಂಡು ಯಾವ ಚರ್ಚೆಗೂ ಇಳಿಯಬೇಡಿ, ಏಕೆಂದರೆ ಅದರೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಮೊತ್ತಗಳಿವೆ. ರಕ್ಷಣಾ ಸಚಿವಾಲಯ ಸಂಸತ್ತಿನ ಮುಂದೆ ನಾಲ್ಕು ಪ್ರತ್ಯೇಕ ಅನುದಾನ ಬೇಡಿಕೆಗಳನ್ನು ಇಡುತ್ತದೆ. ಸೇನೆಗಳ ದಿನನಿತ್ಯದ ಖರ್ಚಾದ ರಾಜಸ್ವ ವೆಚ್ಚ ₹3,11,732 ಕೋಟಿ. ಹೊಸ ಶಸ್ತ್ರಾಸ್ತ್ರ, ವಿಮಾನ, ಹಡಗು, ಕಟ್ಟಡ, ಜಮೀನಿಗೆ ಹೋಗುವ ಬಂಡವಾಳ ವೆಚ್ಚ ₹1,80,000 ಕೋಟಿ. ಪಿಂಚಣಿ ₹1,60,795 ಕೋಟಿ. ಇನ್ನುಳಿದ ₹28,683 ಕೋಟಿ ಸಚಿವಾಲಯದ ನಾಗರಿಕ ವಿಭಾಗಕ್ಕೆ. ಕರಾವಳಿ ಕಾವಲು ಪಡೆ, ಗಡಿ ರಸ್ತೆ ಸಂಸ್ಥೆ, ಮಿಲಿಟರಿ ಕ್ಯಾಂಟೀನ್ ನಡೆಸುವ ಇಲಾಖೆ ಎಲ್ಲವೂ ಈ ಕೊನೆಯ ಭಾಗದಲ್ಲಿ ಸೇರಿವೆ. ಲಡಾಖ್‌ನ ಅಥವಾ ಅರುಣಾಚಲದ ಗಡಿಗೆ ರಸ್ತೆ ಎಷ್ಟು ವೇಗವಾಗಿ ಸಾಗುತ್ತಿದೆ ಎಂಬ ಕುತೂಹಲವಿರುವವರು ಶಸ್ತ್ರಾಸ್ತ್ರಗಳ ಪಟ್ಟಿಯಲ್ಲಿ ಹುಡುಕದೆ ಇಲ್ಲಿ ಹುಡುಕಬೇಕು.

ಈ ನಾಲ್ಕನ್ನು ಬಿಡಿಸಿಟ್ಟ ಕೂಡಲೇ ಒಂದು ಸಂಗತಿ ಎದ್ದು ಕಾಣುತ್ತದೆ. ನೂರು ರೂಪಾಯಿಯಲ್ಲಿ ಹೊಸದನ್ನು ಕೊಳ್ಳಲು ಮತ್ತು ಕಟ್ಟಲು ಸಿಗುವುದು ಸುಮಾರು 26 ರೂಪಾಯಿ; ಅದಕ್ಕಿಂತ ಸ್ವಲ್ಪವೇ ಕಡಿಮೆ, ಸುಮಾರು 24 ರೂಪಾಯಿ, ಈಗಾಗಲೇ ನಿವೃತ್ತರಾದವರ ಪಿಂಚಣಿಗೆ ಹೋಗುತ್ತದೆ. ಇದು ಸರಿಯೋ ತಪ್ಪೋ ಎಂಬುದು ಬೇರೆ ಮಾತು. ಗಡಿಯಲ್ಲಿ ಯೌವನ ಸವೆಸಿದವರ ಪಿಂಚಣಿಯನ್ನು ಹೊರೆ ಎಂದು ಕರೆಯುವ ಧಾಟಿ ನನಗೆ ಹಿತವೆನಿಸುವುದಿಲ್ಲ. ಆದರೆ ಆರೂಮುಕ್ಕಾಲು ಲಕ್ಷ ಕೋಟಿ ರೂಪಾಯಿಯನ್ನೂ ಸೇನೆಯ ಆಧುನೀಕರಣಕ್ಕೆ ಸುರಿಯಲಾಗುತ್ತಿದೆ ಎಂಬ ಅರ್ಥ ಬರುವಂತೆ ಯಾರಾದರೂ ಬರೆದಿದ್ದರೆ, ಅವರು ಬಜೆಟ್ ಪತ್ರವನ್ನು ತೆರೆದಿಲ್ಲ ಎಂದೇ ತಿಳಿಯಬೇಕು.

ಇನ್ನೊಂದು ಎಚ್ಚರಿಕೆ. ದೇಶದ ಭದ್ರತೆಗೆ ಖರ್ಚಾಗುವ ಎಲ್ಲ ಹಣವೂ ಈ ಪತ್ರದಲ್ಲಿಲ್ಲ. ಗಡಿ ಭದ್ರತಾ ಪಡೆ ಮತ್ತು ಇಂಡೋ–ಟಿಬೆಟನ್ ಗಡಿ ಪೊಲೀಸ್ ಪಡೆಗಳ ಖರ್ಚು ಗೃಹ ಸಚಿವಾಲಯದ ಲೆಕ್ಕದಲ್ಲಿದೆ. ಅಣು ಇಂಧನ ಮತ್ತು ಬಾಹ್ಯಾಕಾಶ ಇಲಾಖೆಗಳಿಗೆ ಅವುಗಳದೇ ಪ್ರತ್ಯೇಕ ಬೇಡಿಕೆಗಳಿವೆ. ಸ್ಟಾಕ್‌ಹೋಮ್‌ನ ಸಿಪ್ರಿ ಸಂಸ್ಥೆ ಪ್ರತಿ ವರ್ಷ ಪ್ರಕಟಿಸುವ ಸೇನಾ ವೆಚ್ಚದ ಅಂಕಿಗಳು ನಮ್ಮ ಬಜೆಟ್ ಅಂಕಿಗಿಂತ ಬೇರೆಯಾಗಿ ಕಾಣುವುದಕ್ಕೆ ಒಂದು ಕಾರಣ, ಅದು ಇಂಥ ಅರೆಸೇನಾ ಪಡೆಗಳನ್ನೂ ಎಣಿಸುವುದು. ಆ ಸಂಸ್ಥೆಯ ಲೆಕ್ಕದಲ್ಲಿ 2024ರಲ್ಲಿ ಭಾರತದ ಸೇನಾ ವೆಚ್ಚ ಸುಮಾರು 86 ಶತಕೋಟಿ ಡಾಲರ್, ಚೀನಾದ್ದು ಅಂದಾಜು 314 ಶತಕೋಟಿ ಡಾಲರ್. ಚೀನಾ ಸರ್ಕಾರ ತಾನೇ ಘೋಷಿಸಿದ 2025ರ ರಕ್ಷಣಾ ಬಜೆಟ್ 1.78 ಲಕ್ಷ ಕೋಟಿ ಯುವಾನ್, ಡಾಲರಿನಲ್ಲಿ ಇದಕ್ಕಿಂತ ಸಾಕಷ್ಟು ಕಡಿಮೆ. ಆದ್ದರಿಂದ ಎರಡು ದೇಶಗಳನ್ನು ಹೋಲಿಸುವಾಗ ಎರಡೂ ಅಂಕಿಗಳು ಒಂದೇ ಮೂಲದಿಂದ ಬಂದಿರಬೇಕು. ಒಂದು ದೇಶಕ್ಕೆ ಸರ್ಕಾರಿ ಅಂಕಿ, ಮತ್ತೊಂದಕ್ಕೆ ಸಿಪ್ರಿ ಅಂದಾಜು ಹಿಡಿದು ವಾದಿಸಿದರೆ ಯಾರನ್ನು ಬೇಕಾದರೂ ಗೆಲ್ಲಿಸಬಹುದು.

ನಾಲ್ಕು ಕಾಲಂಗಳನ್ನು ಒಟ್ಟಿಗೆ ನೋಡಿ

ಬಜೆಟ್ ಪತ್ರದಲ್ಲಿ ಪ್ರತಿಯೊಂದು ಲೆಕ್ಕ ಶೀರ್ಷಿಕೆಯ ಮುಂದೆಯೂ ಬೇರೆ ಬೇರೆ ವರ್ಷಗಳ ಅಂಕಿಗಳಿರುತ್ತವೆ: ಎರಡು ವರ್ಷ ಹಿಂದಿನ ವಾಸ್ತವ ವೆಚ್ಚ, ಕಳೆದ ವರ್ಷದ ಬಜೆಟ್ ಅಂದಾಜು, ಅದೇ ವರ್ಷದ ಪರಿಷ್ಕೃತ ಅಂದಾಜು ಮತ್ತು ಬರುವ ವರ್ಷದ ಬಜೆಟ್ ಅಂದಾಜು. ಹೆಚ್ಚಿನವರು ಕೊನೆಯ ಕಾಲಂ ಮಾತ್ರ ಓದುತ್ತಾರೆ. ಕಥೆ ಇರುವುದು ನಡುವಿನ ಎರಡು ಕಾಲಂಗಳ ಅಂತರದಲ್ಲಿ.

ಬಂಡವಾಳ ವೆಚ್ಚವನ್ನೇ ತೆಗೆದುಕೊಳ್ಳೋಣ. 2024–25ಕ್ಕೆ ಆರಂಭದಲ್ಲಿ ₹1,72,000 ಕೋಟಿ ಕೊಡಲಾಗಿತ್ತು. ವರ್ಷದ ಕೊನೆಗೆ ಬರುವಷ್ಟರಲ್ಲಿ ಪರಿಷ್ಕೃತ ಅಂದಾಜಿನಲ್ಲಿ ಅದು ₹1,59,500 ಕೋಟಿಗೆ ಇಳಿಯಿತು. ಮರುವರ್ಷಕ್ಕೆ ₹1,80,000 ಕೋಟಿ ಎಂದು ಘೋಷಣೆಯಾಯಿತು. ಈಗ ಏರಿಕೆ ಎಷ್ಟು? ಹಿಂದಿನ ಬಜೆಟ್ ಅಂದಾಜಿನೊಂದಿಗೆ ಹೋಲಿಸಿದರೆ ಶೇ 4.65, ಪರಿಷ್ಕೃತ ಅಂದಾಜಿನೊಂದಿಗೆ ಹೋಲಿಸಿದರೆ ಶೇ 12.85. ಆಡಳಿತ ಪಕ್ಷದ ಬೆಂಬಲಿಗ ಒಂದನ್ನು, ಟೀಕಾಕಾರ ಇನ್ನೊಂದನ್ನು ಎತ್ತಿಕೊಳ್ಳುತ್ತಾನೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಶೇಕಡಾವಾರು ಏರಿಕೆಯನ್ನು ಓದಿದಾಗಲೆಲ್ಲ ಯಾವ ಅಂಕಿಯ ಮೇಲಿನ ಏರಿಕೆ ಎಂದು ಕೇಳುವ ಅಭ್ಯಾಸವೊಂದನ್ನು ಬೆಳೆಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಇನ್ನುಳಿದ ಅರ್ಧ, ಹಣ ಏಕೆ ಉಳಿಯಿತು ಎಂಬುದು. ಸೇನೆಗೆ ಹಣ ಸಾಲದು ಎಂಬ ಕೂಗು ಒಂದು ಕಡೆ, ಕೊಟ್ಟ ಹಣ ವರ್ಷದ ಕೊನೆಗೆ ಹಿಂದಕ್ಕೆ ಹೋಗುವುದು ಇನ್ನೊಂದು ಕಡೆ, ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಆದರೆ ಯುದ್ಧವಿಮಾನವನ್ನು ಅಂಗಡಿಯಿಂದ ತರುವ ಹಾಗೆ ಹಣ ಎಣಿಸಿ ತರಲಾಗುವುದಿಲ್ಲ. ಒಪ್ಪಂದಕ್ಕೆ ಸಹಿ ಬಿದ್ದಾಗ ಒಂದಷ್ಟು ಮುಂಗಡ, ಆಮೇಲೆ ಕೆಲಸದ ಒಂದೊಂದು ಹಂತ ಮುಗಿದಂತೆ ಒಂದೊಂದು ಕಂತು, ಹೀಗೆ ಹಲವು ವರ್ಷಗಳ ಮೇಲೆ ಪಾವತಿ ಹರಡಿಕೊಂಡಿರುತ್ತದೆ. ಹಂತ ತಪ್ಪಿದರೆ ಕಂತೂ ತಪ್ಪುತ್ತದೆ, ಮಾರ್ಚ್ 31ಕ್ಕೆ ಆ ಹಣ ಬೊಕ್ಕಸಕ್ಕೆ ಮರಳುತ್ತದೆ. ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ತೇಜಸ್ ಮಾರ್ಕ್ 1ಎ ಇದಕ್ಕೆ ಕಣ್ಣಮುಂದಿನ ಉದಾಹರಣೆ. 83 ವಿಮಾನಗಳ ಒಪ್ಪಂದ 2021ರ ಫೆಬ್ರವರಿಯಲ್ಲಿ, ಯಲಹಂಕದ ಏರೋ ಇಂಡಿಯಾ ಪ್ರದರ್ಶನದ ವೇದಿಕೆಯಲ್ಲೇ ಹಸ್ತಾಂತರವಾಯಿತು. ವಿಮಾನಗಳು 2024ರ ಆರಂಭದಿಂದ ಬರಬೇಕಿತ್ತು. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಸಂಸ್ಥೆಯಿಂದ ಬರಬೇಕಾಗಿದ್ದ ಎಫ್404 ಎಂಜಿನ್‌ಗಳ ಸರಣಿಯಲ್ಲಿ ಮೊದಲನೆಯದು ಸಿಕ್ಕಿದ್ದೇ 2025ರ ಮಾರ್ಚ್‌ನಲ್ಲಿ. ವಿಳಂಬಕ್ಕೆ ಎಂಜಿನ್ ಒಂದೇ ಕಾರಣವಲ್ಲವಾದರೂ, ಬಜೆಟ್‌ನಲ್ಲಿ ಹಣವಿದ್ದ ಮಾತ್ರಕ್ಕೆ ಸ್ಕ್ವಾಡ್ರನ್ (ಯುದ್ಧವಿಮಾನಗಳ ತುಕಡಿ) ಹುಟ್ಟುವುದಿಲ್ಲ ಎಂಬುದು ಇದರಿಂದ ಮನದಟ್ಟಾಗುತ್ತದೆ.

ಹಾಗೆ ಮರಳುವ ಹಣ ಮುಂದಿನ ವರ್ಷಕ್ಕೆ ಉಳಿಯುವಂತೆ ಮಾಡಬೇಕೆಂಬ ಸಲಹೆ ಹಳೆಯದು. 2004ರ ಮಧ್ಯಂತರ ಬಜೆಟ್‌ನಲ್ಲಿ ಅಂದಿನ ಹಣಕಾಸು ಸಚಿವ ಜಸ್ವಂತ್ ಸಿಂಗ್ ಅವರು ₹25,000 ಕೋಟಿಯ ಇಂಥ ನಿಧಿಯೊಂದನ್ನು ಪ್ರಸ್ತಾಪಿಸಿದ್ದರು. ಎನ್.ಕೆ. ಸಿಂಗ್ ಅಧ್ಯಕ್ಷತೆಯ 15ನೇ ಹಣಕಾಸು ಆಯೋಗವು 2021ರಿಂದ 2026ರವರೆಗಿನ ಅವಧಿಗೆ ₹2,38,354 ಕೋಟಿಯ, ವರ್ಷಾಂತ್ಯಕ್ಕೆ ರದ್ದಾಗದ ಆಧುನೀಕರಣ ನಿಧಿಯನ್ನು ಶಿಫಾರಸು ಮಾಡಿತು. ಹಣಕಾಸು ಸಚಿವಾಲಯಕ್ಕೆ ಇಂಥ ನಿಧಿಗಳೆಂದರೆ ಎಂದೂ ಅಷ್ಟಕ್ಕಷ್ಟೇ. ಸಂಸತ್ತಿನ ವಾರ್ಷಿಕ ಒಪ್ಪಿಗೆಯಿಲ್ಲದೆ ಹಣ ಒಂದು ಕಡೆ ಕುಳಿತಿರುವುದನ್ನು ಯಾವ ಖಜಾನೆಯೂ ಇಷ್ಟಪಡುವುದಿಲ್ಲ, ಮತ್ತು ಆ ಆಕ್ಷೇಪದಲ್ಲಿ ಹುರುಳಿಲ್ಲದೆಯೂ ಇಲ್ಲ.

ಹಳೆಯ ಬಾಕಿ ಮತ್ತು ಹೊಸ ಖರೀದಿ

ಈ ಕೈಪಿಡಿಯಲ್ಲಿ ಒಂದೇ ಒಂದು ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಬಂಡವಾಳ ವೆಚ್ಚವೆಂದು ಕಾಣುವ ಮೊತ್ತದಲ್ಲಿ ಬಹುಪಾಲು, ಹಿಂದಿನ ವರ್ಷಗಳಲ್ಲಿ ಸಹಿ ಹಾಕಿದ ಒಪ್ಪಂದಗಳ ಕಂತು ಕಟ್ಟಲು ಹೋಗುತ್ತದೆ. ಇದಕ್ಕೆ ಬದ್ಧ ಹೊಣೆಗಾರಿಕೆ ಎನ್ನುತ್ತಾರೆ. ಮನೆಯ ಸಂಬಳದಲ್ಲಿ ಸಾಲದ ಕಂತು ಕಟ್ಟಿ ಉಳಿದದ್ದರಲ್ಲಿ ಹೊಸ ಸಾಮಾನು ತರುವಂತೆಯೇ ಇದು. ಆ ಉಳಿಕೆ ಎಷ್ಟು ಎಂಬುದೇ ಸೇನೆಯ ಮುಂದಿನ ಹತ್ತು ವರ್ಷಗಳ ದಿಕ್ಕನ್ನು ತೀರ್ಮಾನಿಸುತ್ತದೆ, ಆದರೆ ಬಜೆಟ್ ಭಾಷಣದಲ್ಲಿ ಅದು ಬರುವುದಿಲ್ಲ.

ಹಾಗಾದರೆ ಎಲ್ಲಿ ಸಿಗುತ್ತದೆ? ಸಂಸತ್ತಿನ ರಕ್ಷಣಾ ಸ್ಥಾಯಿ ಸಮಿತಿಯ ವರದಿಗಳಲ್ಲಿ. ಅನುದಾನ ಬೇಡಿಕೆಗಳನ್ನು ಪರಿಶೀಲಿಸುವಾಗ ಈ ಸಮಿತಿ ಮೂರೂ ಪಡೆಗಳ ಅಧಿಕಾರಿಗಳನ್ನು ಕರೆಸಿ ಕೇಳುತ್ತದೆ, ಮತ್ತು ಕೇಳಿದ್ದು ಎಷ್ಟು, ಸಿಕ್ಕಿದ್ದು ಎಷ್ಟು ಎಂಬ ಕೋಷ್ಟಕವನ್ನು ಬಹುತೇಕ ವರದಿಗಳಲ್ಲಿ ಕೊಡುತ್ತದೆ. ಲೋಕಸಭೆಯ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. 2018ರಲ್ಲಿ ಅಂದಿನ ಭೂಸೇನಾ ಉಪಮುಖ್ಯಸ್ಥ ಲೆಫ್ಟಿನೆಂಟ್ ಜನರಲ್ ಶರತ್ ಚಂದ್ ಈ ಸಮಿತಿಯ ಮುಂದೆ ಹೇಳಿದ ಮಾತು ಇಂದಿಗೂ ಪಾಠದಂತಿದೆ. ಭೂಸೇನೆಯ ಆಧುನೀಕರಣಕ್ಕೆ ಸಿಕ್ಕಿದ್ದು ₹21,338 ಕೋಟಿ. ಆಗಲೇ ಚಾಲ್ತಿಯಲ್ಲಿದ್ದ 125 ಯೋಜನೆಗಳಿಗೆ ಕಟ್ಟಬೇಕಾದ ಬಾಕಿಯೇ ₹29,033 ಕೋಟಿ. ಅಂದರೆ ಹೊಸದಾಗಿ ಒಂದು ಬಂದೂಕು ಕೊಳ್ಳುವ ಮೊದಲೇ ಲೆಕ್ಕ ಏಳೂವರೆ ಸಾವಿರ ಕೋಟಿಗೂ ಹೆಚ್ಚು ಹಿಂದೆ ಬಿದ್ದಿತ್ತು. ಸೇನೆಯ ಉಪಕರಣಗಳಲ್ಲಿ ಶೇ 68ರಷ್ಟು ಹಳೆಯ ಕಾಲದವು ಎಂಬುದನ್ನೂ ಅವರು ಅದೇ ಸಂದರ್ಭದಲ್ಲಿ ತಿಳಿಸಿದ್ದರು. ಎರಡು ರಂಗಗಳ ಯುದ್ಧಕ್ಕೆ ಸಿದ್ಧ ಎಂಬ ಮಾತು ಸಾರ್ವಜನಿಕವಾಗಿ ಹರಿದಾಡುತ್ತಿದ್ದ ಕಾಲವದು.

ಕಾರ್ಯತಂತ್ರ ಮತ್ತು ಹಣದ ನಡುವಿನ ಬಿರುಕಿಗೆ ಇದಕ್ಕಿಂತ ದೊಡ್ಡ ನಿದರ್ಶನ ಪರ್ವತ ದಾಳಿ ದಳದ್ದು. ಚೀನಾ ಗಡಿಯಲ್ಲಿ ಕೇವಲ ತಡೆದು ನಿಲ್ಲುವ ಬದಲು, ಅಗತ್ಯ ಬಿದ್ದರೆ ಆಚೆಗೆ ನುಗ್ಗುವ ಸಾಮರ್ಥ್ಯ ಬೇಕೆಂದು 2013ರಲ್ಲಿ ಭದ್ರತೆಗೆ ಸಂಬಂಧಿಸಿದ ಸಂಪುಟ ಸಮಿತಿ 17ನೇ ಕೋರ್ ಎಂಬ ಈ ದಳದ ಸ್ಥಾಪನೆಗೆ ಒಪ್ಪಿಗೆ ಕೊಟ್ಟಿತು. ಸುಮಾರು 90,000 ಸೈನಿಕರು, ಸುಮಾರು ₹64,000 ಕೋಟಿ ವೆಚ್ಚ ಎಂಬ ಅಂದಾಜಿತ್ತು. ಕಾಗದದ ಮೇಲೆ ಇದು ಭಾರತದ ಚೀನಾ ನೀತಿಯಲ್ಲೇ ಒಂದು ತಿರುವು. ಆದರೆ ಅದಕ್ಕಾಗಿ ಪ್ರತ್ಯೇಕ ಹಣ ಹರಿದುಬರಲಿಲ್ಲ. ಕೋರ್‌ನ ಭಾಗವಾಗಬೇಕಿದ್ದ ಡಿವಿಷನ್‌ಗಳಲ್ಲಿ ಒಂದು ರೂಪುಗೊಂಡು ಎರಡನೆಯದು ಅರ್ಧದಲ್ಲೇ ನಿಂತಿತು. ಆ ವರ್ಷಗಳ ಬಂಡವಾಳ ವೆಚ್ಚದ ಕಾಲಂ ನೋಡುತ್ತಿದ್ದವರಿಗೆ ಹೊಸ ಕೋರ್‌ಗೆ ತಕ್ಕ ಜಿಗಿತ ಅಲ್ಲಿಲ್ಲವೆಂಬುದು ತಿಳಿಯುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂಬ ನಮ್ಮ ಗಾದೆ ಸೇನಾ ಯೋಜಕರಿಗೂ ಅನ್ವಯಿಸುತ್ತದೆ. ನಮ್ಮಲ್ಲಿ ಮೊದಲು ಕಾಲು ಚಾಚಿ ಆಮೇಲೆ ಹಾಸಿಗೆ ಅಳೆಯುವ ರೂಢಿಯಿದೆ.

ಖರೀದಿ ಸುದ್ದಿ ಬಂದಾಗ ಯಾವ ಮೆಟ್ಟಿಲು ಎಂದು ಕೇಳಿ

ಪಡೆಗಳಿಗೆ ಇಷ್ಟು ಸಾವಿರ ಕೋಟಿಯ ಶಸ್ತ್ರಾಸ್ತ್ರ ಎಂಬ ಸುದ್ದಿ ಬಂದ ದಿನ ಬಹುಪಾಲು ಸಂದರ್ಭಗಳಲ್ಲಿ ಯಾವ ಶಸ್ತ್ರವನ್ನೂ ಯಾರೂ ಕೊಂಡಿರುವುದಿಲ್ಲ. ರಕ್ಷಣಾ ಸಚಿವರ ಅಧ್ಯಕ್ಷತೆಯ ರಕ್ಷಣಾ ಖರೀದಿ ಮಂಡಳಿ ಇಂಥದೊಂದು ವಸ್ತು ಸೇನೆಗೆ ಬೇಕು ಎಂಬುದನ್ನು ಒಪ್ಪಿಕೊಂಡಿರುತ್ತದೆ, ಅಷ್ಟೇ. ಇದು ಮೊದಲ ಮೆಟ್ಟಿಲು. ಆಮೇಲೆ ಟೆಂಡರ್, ಪರೀಕ್ಷೆ, ದರ ಮಾತುಕತೆ, ದೊಡ್ಡ ಮೊತ್ತವಾದರೆ ಸಂಪುಟ ಸಮಿತಿಯ ಒಪ್ಪಿಗೆ, ಕೊನೆಗೆ ಒಪ್ಪಂದ. ಬಜೆಟ್‌ಗೆ ಸಂಬಂಧ ಬರುವುದು ಈ ಕೊನೆಯ ಮೆಟ್ಟಿಲಿನಿಂದ. ನಡುವೆ ಎಷ್ಟು ಕಾಲ ಕಳೆಯಬಹುದು ಎಂಬುದಕ್ಕೆ ಮಧ್ಯಮ ಗಾತ್ರದ ಬಹೂಪಯೋಗಿ ಯುದ್ಧವಿಮಾನಗಳ ಕಥೆ ಸಾಕು: 126 ವಿಮಾನಗಳಿಗೆ 2007ರಲ್ಲಿ ಟೆಂಡರ್ ಕರೆಯಲಾಯಿತು, 2012ರಲ್ಲಿ ರಫೇಲ್ ಆಯ್ಕೆಯಾಯಿತು, 2015ರಲ್ಲಿ ಆ ಪ್ರಕ್ರಿಯೆಯನ್ನೇ ಕೈಬಿಡಲಾಯಿತು, 2016ರಲ್ಲಿ ಬೇರೆಯೇ ಒಪ್ಪಂದದಡಿ 36 ವಿಮಾನಗಳಿಗೆ ಸಹಿ ಬಿತ್ತು. ಸುದ್ದಿಯಲ್ಲಿ ‘ಒಪ್ಪಿಗೆ’ ಎಂದಿದೆಯೋ ‘ಒಪ್ಪಂದ’ ಎಂದಿದೆಯೋ ಎಂಬುದನ್ನು ಗಮನಿಸಿ.

ಈಗ ಚರ್ಚೆಗಳ ಮೇಲೆ ಪ್ರಯೋಗಿಸಿ ನೋಡೋಣ

ವಿಮಾನವಾಹಕ ನೌಕೆಯ ವಾದವನ್ನು ಮೊದಲು ಎತ್ತಿಕೊಳ್ಳುತ್ತೇನೆ, ಏಕೆಂದರೆ ಕಾರವಾರದ ನೌಕಾನೆಲೆಯಿಂದಾಗಿ ಕನ್ನಡ ಓದುಗರಿಗೆ ಅದು ತೀರ ಹತ್ತಿರದ್ದು. ಮೂರು ವಿಮಾನವಾಹಕಗಳಿದ್ದರೆ ಒಂದು ದುರಸ್ತಿಯಲ್ಲಿದ್ದಾಗಲೂ ಎರಡು ಕರಾವಳಿಗಳಲ್ಲಿ ಒಂದೊಂದು ಇರುತ್ತದೆ ಎಂಬುದು ನೌಕಾಪಡೆಯ ಹಳೆಯ ನಿಲುವು. 2020ರಲ್ಲಿ ಅಂದಿನ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಅವರು ಮೂರನೆಯದಕ್ಕಿಂತ ಜಲಾಂತರ್ಗಾಮಿಗಳಿಗೆ ಆದ್ಯತೆ ಸಿಗಬೇಕೆಂದು ಬಹಿರಂಗವಾಗಿಯೇ ಹೇಳಿದ್ದರು. ಅಷ್ಟು ದೊಡ್ಡ ನೌಕೆ ಇಂದಿನ ಕ್ಷಿಪಣಿಗಳಿಗೆ ಸುಲಭದ ಗುರಿ ಎಂಬುದು ಒಂದು ವಾದ. ಹಿಂದೂ ಮಹಾಸಾಗರದಲ್ಲಿ ಚೀನಾದ ನೌಕೆಗಳ ಓಡಾಟ ಹೆಚ್ಚುತ್ತಿರುವಾಗ ಕರಾವಳಿಯಿಂದ ದೂರಕ್ಕೆ ವಾಯುಬಲ ಒಯ್ಯಲು ಬೇರೆ ದಾರಿಯಿಲ್ಲ ಎಂಬುದು ಪ್ರತಿವಾದ.

ಈ ವಾದದಲ್ಲಿ ಹಡಗಿನ ಬೆಲೆಯೊಂದನ್ನೇ ಹಿಡಿದು ಮಾತಾಡುವವರು ಬಹಳ. 2022ರ ಸೆಪ್ಟೆಂಬರ್‌ನಲ್ಲಿ ಸೇವೆಗೆ ಸೇರಿದ ವಿಕ್ರಾಂತ್‌ಗೆ ಸುಮಾರು ₹20,000 ಕೋಟಿ ತಗುಲಿತು. ಆದರೆ ವಿಮಾನಗಳಿಲ್ಲದ ವಿಮಾನವಾಹಕ ಸಮುದ್ರದಲ್ಲಿ ತೇಲುವ ಬಯಲು. 2025ರ ಏಪ್ರಿಲ್‌ನಲ್ಲಿ ನೌಕಾಪಡೆಗಾಗಿ 26 ರಫೇಲ್ ವಿಮಾನಗಳ ಒಪ್ಪಂದವಾಯಿತು. ಅದರ ಮೊತ್ತ ಸುಮಾರು ₹63,000 ಕೋಟಿ, ಹಡಗಿನ ಮೂರು ಪಟ್ಟಿಗೂ ಹೆಚ್ಚು. ಜೊತೆಗೆ ನೌಕೆಯನ್ನು ಕಾಯುವ ವಿಧ್ವಂಸಕ ನೌಕೆಗಳು, ಫ್ರಿಗೇಟ್‌ಗಳು, ಇಂಧನ ಹೊರುವ ಹಡಗು ಬೇಕು. ಬಜೆಟ್ ಪತ್ರದಲ್ಲಿ ಹಡಗು ‘ನೌಕಾಬಲ’ ಎಂಬ ಶೀರ್ಷಿಕೆಯಲ್ಲಿ, ವಿಮಾನ ‘ವಿಮಾನಗಳು ಮತ್ತು ಏರೋ ಎಂಜಿನ್‌ಗಳು’ ಎಂಬ ಶೀರ್ಷಿಕೆಯಲ್ಲಿ ಇರುವುದರಿಂದ ವಿಮಾನವಾಹಕದ ನಿಜವಾದ ಬೆಲೆ ಎರಡು ಕಡೆ ಹಂಚಿಹೋಗಿ ಮರೆಯಾಗುತ್ತದೆ. 2025–26ರಲ್ಲಿ ನೌಕಾಬಲಕ್ಕೆ ಇದ್ದದ್ದು ಸುಮಾರು ₹24,400 ಕೋಟಿ, ಮೂರೂ ಪಡೆಗಳ ವಿಮಾನಗಳಿಗೆ ಸುಮಾರು ₹48,600 ಕೋಟಿ. ಈ ಎರಡು ಅಂಕಿಗಳನ್ನು ಮುಂದಿಟ್ಟುಕೊಂಡು, ಆರು ಹೊಸ ಸಾಂಪ್ರದಾಯಿಕ ಜಲಾಂತರ್ಗಾಮಿಗಳ ಯೋಜನೆಯೂ ಇದೇ ನೌಕಾಬಲದ ಹಣಕ್ಕೆ ಕೈಚಾಚಬೇಕೆಂಬುದನ್ನು ನೆನೆದರೆ, ಎರಡನ್ನೂ ಕೊಳ್ಳೋಣ ಎಂಬ ಸುಲಭದ ಉತ್ತರ ಅಷ್ಟು ಸುಲಭವಲ್ಲವೆಂದು ಕಾಣುತ್ತದೆ.

ಹಿಂದೆ ಭೂಸೇನೆ, ನೌಕಾಪಡೆ, ವಾಯುಪಡೆಗೆ ಬಂಡವಾಳದ ಹಣವನ್ನು ಬೇರೆಬೇರೆಯಾಗಿ ತೋರಿಸುತ್ತಿದ್ದರು. ಈಗ ವಸ್ತುವಿನ ಬಗೆಯ ಪ್ರಕಾರ ಮೂರನ್ನೂ ಒಟ್ಟುಗೂಡಿಸಿ ತೋರಿಸುತ್ತಿದ್ದಾರೆ. ಮೂರೂ ಪಡೆಗಳ ಸಮನ್ವಯಕ್ಕೆ ಇದು ಒಳ್ಳೆಯದಿರಬಹುದು. ಹಳೆಯ ವರ್ಷಗಳೊಂದಿಗೆ ಹೋಲಿಸಬಯಸುವ ಓದುಗನಿಗೆ ಮಾತ್ರ ಇದು ತಲೆನೋವು. ಯಾವ ಪಡೆಗೆ ಎಷ್ಟು ಎಂಬುದಕ್ಕೆ ಮತ್ತೆ ಸ್ಥಾಯಿ ಸಮಿತಿಯ ವರದಿಗೇ ಹೋಗಬೇಕು.

ಥಿಯೇಟರ್ ಕಮಾಂಡ್‌ಗಳ ಚರ್ಚೆಗೆ ಬಜೆಟ್‌ನಲ್ಲಿ ಶೀರ್ಷಿಕೆಯೇ ಇಲ್ಲ, ಆದರೂ ಅದರ ಬೇರು ಅಲ್ಲೇ ಇದೆ ಎಂದು ನನಗನ್ನಿಸುತ್ತದೆ. ಇಂದು ಭೂಸೇನೆಗೆ ಏಳು, ವಾಯುಪಡೆಗೆ ಏಳು, ನೌಕಾಪಡೆಗೆ ಮೂರು, ಹೀಗೆ ಹದಿನೇಳು ಕಮಾಂಡ್‌ಗಳಿವೆ. ಬೆಂಗಳೂರಿನಲ್ಲಿರುವ ವಾಯುಪಡೆಯ ತರಬೇತಿ ಕಮಾಂಡ್ ಇವುಗಳಲ್ಲೊಂದು. ಒಂದು ಗಡಿಗೆ ಒಬ್ಬನೇ ದಂಡನಾಯಕ, ಅವನ ಕೈಕೆಳಗೆ ಮೂರೂ ಪಡೆಗಳು ಎಂಬುದು ಹೊಸ ವ್ಯವಸ್ಥೆಯ ತಿರುಳು. 2020ರ ಜನವರಿಯಲ್ಲಿ ರಕ್ಷಣಾ ಪಡೆಗಳ ಮುಖ್ಯಸ್ಥರ ಹುದ್ದೆ ಜಾರಿಗೆ ಬಂತು, ಜಂಟಿ ಸಂಸ್ಥೆಗಳ ದಂಡನಾಯಕರಿಗೆ ಮೂರೂ ಪಡೆಗಳ ಸಿಬ್ಬಂದಿಯ ಮೇಲೆ ಅಧಿಕಾರ ಕೊಡುವ ಅಂತರ ಸೇವಾ ಸಂಸ್ಥೆಗಳ ಕಾಯ್ದೆ 2023ರಲ್ಲಿ ಅಂಗೀಕಾರವಾಗಿ 2024ರ ಮೇ ತಿಂಗಳಲ್ಲಿ ಜಾರಿಯಾಯಿತು, 2025ನ್ನು ಸರ್ಕಾರವೇ ಸುಧಾರಣೆಗಳ ವರ್ಷವೆಂದು ಕರೆಯಿತು. ಆದರೂ 2025ರ ಆಗಸ್ಟ್‌ನಲ್ಲಿ ವಾಯುಪಡೆಯ ಮುಖ್ಯಸ್ಥ ಏರ್ ಚೀಫ್ ಮಾರ್ಷಲ್ ಎ.ಪಿ. ಸಿಂಗ್ ಅವರು ಆತುರ ಬೇಡವೆಂದು ಎಚ್ಚರಿಸಿದರು. ಇದನ್ನು ಪಡೆಗಳ ನಡುವಿನ ಅಹಂಕಾರದ ಜಗಳವೆಂದು ತಳ್ಳಿಹಾಕುವ ಮೊದಲು ಸ್ಕ್ವಾಡ್ರನ್‌ಗಳ ಲೆಕ್ಕ ನೋಡಿ. ಮಂಜೂರಾದದ್ದು 42, 2025ರ ಸೆಪ್ಟೆಂಬರ್ 26ರಂದು ಚಂಡೀಗಢದಲ್ಲಿ ಮಿಗ್–21 ವಿಮಾನಗಳಿಗೆ ವಿದಾಯ ಹೇಳಿದ ಮೇಲೆ ಉಳಿದದ್ದು 29. ಇಷ್ಟನ್ನು ಪಶ್ಚಿಮಕ್ಕೊಂದು ಪಾಲು, ಉತ್ತರಕ್ಕೊಂದು ಪಾಲು, ಸಮುದ್ರಕ್ಕೊಂದು ಪಾಲು ಎಂದು ಹಂಚಿಬಿಟ್ಟರೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ತುರ್ತಾಗಿ ತಿರುಗಿಸುವ ಅನುಕೂಲ ಕೈತಪ್ಪುತ್ತದೆ ಎಂಬುದು ವಾಯುಪಡೆಯ ಅಳಲು. 42 ಸ್ಕ್ವಾಡ್ರನ್‌ಗಳಿದ್ದಿದ್ದರೆ ಈ ಆಕ್ಷೇಪದ ಕಾವು ಬಹಳಷ್ಟು ಇಳಿಯುತ್ತಿತ್ತು.

ಅಗ್ನಿಪಥದ ವಿಷಯದಲ್ಲಿ ಎರಡೂ ಕಡೆಯವರು ಪಿಂಚಣಿಯ ಅಂಕಿಯನ್ನು ತಪ್ಪಾಗಿ ಬಳಸುವುದನ್ನು ಕಂಡಿದ್ದೇನೆ. 2022ರ ಜೂನ್‌ನಲ್ಲಿ ಘೋಷಣೆಯಾದ ಈ ಯೋಜನೆಯಲ್ಲಿ ಸೇವೆ ನಾಲ್ಕು ವರ್ಷ, ಆಮೇಲೆ ಗರಿಷ್ಠ ಶೇ 25 ಮಂದಿಗೆ ಕಾಯಂ ಸೇವೆ, ಉಳಿದವರಿಗೆ ಪಿಂಚಣಿಯಿಲ್ಲದೆ ಸುಮಾರು ₹11.71 ಲಕ್ಷದ ಸೇವಾನಿಧಿ. ಪಿಂಚಣಿ ಉಳಿಸಲೆಂದೇ ಇದನ್ನು ತರಲಾಯಿತು ಎನ್ನುವವರೂ ಇದ್ದಾರೆ, ಪಿಂಚಣಿ ವೆಚ್ಚ ಕಡಿಮೆಯಾಗಲೇ ಇಲ್ಲವಲ್ಲ, ಯೋಜನೆ ವಿಫಲ ಎನ್ನುವವರೂ ಇದ್ದಾರೆ. ಹಳೆಯ ಪದ್ಧತಿಯಲ್ಲಿ 2022ರಲ್ಲಿ ಸೇರಿದ ಸಿಪಾಯಿ ಪಿಂಚಣಿಗೆ ಅರ್ಹನಾಗಿ ಮನೆಗೆ ಬರುತ್ತಿದ್ದುದು ಕನಿಷ್ಠ 15 ವರ್ಷಗಳ ನಂತರ, ಅಂದರೆ 2037ರ ಆಚೆಗೆ. ಆದ್ದರಿಂದ ಈ ದಶಕದ ಪಿಂಚಣಿ ಕಾಲಂನಲ್ಲಿ ಅಗ್ನಿಪಥದ ಪರಿಣಾಮ ಹುಡುಕುವುದೇ ವ್ಯರ್ಥ. ಈಗ ಆ ಕಾಲಂ ಏರುತ್ತಿರುವುದಕ್ಕೆ 34 ಲಕ್ಷಕ್ಕೂ ಹೆಚ್ಚು ಪಿಂಚಣಿದಾರರು, 2014ರ ಜುಲೈಯಿಂದ ಅನ್ವಯವಾದ ಏಕ ಶ್ರೇಣಿ ಏಕ ಪಿಂಚಣಿ, ಮತ್ತು ಇದೇ ಲೆಕ್ಕದಲ್ಲಿ ಸೇರಿರುವ ರಕ್ಷಣಾ ಇಲಾಖೆಯ ನಾಗರಿಕ ನೌಕರರ ಪಿಂಚಣಿ ಕಾರಣ. ಅಗ್ನಿಪಥ ಒಳ್ಳೆಯದೋ ಕೆಟ್ಟದ್ದೋ ಎಂಬುದನ್ನು ಸದ್ಯಕ್ಕೆ ತುಕಡಿಗಳ ಒಗ್ಗಟ್ಟು, ತರಬೇತಿಯ ಅವಧಿ, ಹೊರಬಂದವರ ಉದ್ಯೋಗ ಇವುಗಳ ಮೇಲೆ ವಾದಿಸಬಹುದೇ ಹೊರತು ಬಜೆಟ್ ಉಳಿತಾಯದ ಮೇಲೆ ಅಲ್ಲ.

ಇನ್ನು ಒಟ್ಟು ದೇಶೀಯ ಉತ್ಪನ್ನದ ಶೇ 3ರಷ್ಟು ರಕ್ಷಣೆಗೆ ಬೇಕೆಂಬ ಬೇಡಿಕೆ. 2025–26ರ ಅಂದಾಜು ಉತ್ಪನ್ನ ಸುಮಾರು ₹357 ಲಕ್ಷ ಕೋಟಿ. ಪಿಂಚಣಿ ಸೇರಿಸಿದರೆ ರಕ್ಷಣೆಯ ಪಾಲು ಶೇ 1.9, ಬಿಟ್ಟರೆ ಶೇ 1.46. ಶೇ 3 ಮುಟ್ಟಬೇಕಾದರೆ ಆ ವರ್ಷವೊಂದಕ್ಕೇ ಇನ್ನೂ ಸುಮಾರು ₹3.9 ಲಕ್ಷ ಕೋಟಿ ಬೇಕು. ಕೇಂದ್ರದ ಶಿಕ್ಷಣ ಸಚಿವಾಲಯದ ಆ ವರ್ಷದ ₹1,28,650 ಕೋಟಿಯ ಮೂರು ಪಟ್ಟು. ಶೇ 3 ಬೇಕು ಎನ್ನುವವರಿಗೆ ಆ ಹಣ ಯಾವ ತೆರಿಗೆಯಿಂದ ಅಥವಾ ಯಾವ ಇಲಾಖೆಯಿಂದ ಎಂದು ಕೇಳುವುದು ನ್ಯಾಯವಾದ ಪ್ರಶ್ನೆ.

ಮರೆತೇಹೋಗುವ ಒಂದು ಮೂಲೆ

ಹೊಳೆಯುವ ವಿಮಾನಗಳ ನಡುವೆ ರಾಜಸ್ವ ವೆಚ್ಚದಲ್ಲಿರುವ ‘ಸಾಮಗ್ರಿ’ ಎಂಬ ಬಡಪಾಯಿ ಶೀರ್ಷಿಕೆಯನ್ನು ಯಾರೂ ಗಮನಿಸುವುದಿಲ್ಲ. ಮದ್ದುಗುಂಡು, ಇಂಧನ, ಬಿಡಿಭಾಗ, ಪಡಿತರ ಬರುವುದು ಇದರಿಂದ. ಸಂಬಳವನ್ನು ಕಡಿತ ಮಾಡಲಾಗದು, ಆದ್ದರಿಂದ ಕೈ ಬಿಗಿಯಾದಾಗ ಕತ್ತರಿ ಬೀಳುವುದು ಇಲ್ಲಿಗೇ. ಪೂರ್ಣ ಪ್ರಮಾಣದ ಯುದ್ಧಕ್ಕೆ 40 ದಿನಗಳಷ್ಟು ಮದ್ದುಗುಂಡು ಸಂಗ್ರಹವಿರಬೇಕೆಂಬ ಮಾನದಂಡವಿದ್ದರೂ, ಸುಮಾರು ಶೇ 40ರಷ್ಟು ಬಗೆಯವು ಹತ್ತು ದಿನಕ್ಕೂ ಸಾಲದಷ್ಟಿವೆ ಎಂದು 2017ರಲ್ಲಿ ಮಹಾಲೇಖಪಾಲರ ವರದಿ ಬಯಲು ಮಾಡಿತ್ತು. ಆಮೇಲೆ ತುರ್ತು ಖರೀದಿಯ ಅಧಿಕಾರಗಳನ್ನು ಸೇನೆಗೆ ಕೊಡಲಾಯಿತು. ಉಕ್ರೇನಿನ ಯುದ್ಧದಲ್ಲಿ ಫಿರಂಗಿ ಗುಂಡುಗಳು ಕರಗಿದ ವೇಗವನ್ನು ಕಂಡ ಮೇಲೆ ಈ ಶೀರ್ಷಿಕೆಯನ್ನು ನಾನು ಬಂಡವಾಳ ವೆಚ್ಚಕ್ಕಿಂತ ಮೊದಲೇ ತೆರೆಯುತ್ತೇನೆ.

ಓದುವ ಕಾಲದ ಬಗ್ಗೆಯೂ ಒಂದು ಮಾತು. ಫೆಬ್ರವರಿ 1ರಂದು ಸಚಿವಾಲಯದ ಪತ್ರಿಕಾ ಹೇಳಿಕೆಯನ್ನು ಓದಿ, ಆದರೆ ಅಭಿಪ್ರಾಯ ರೂಪಿಸಿಕೊಳ್ಳಲು ಹಣಕಾಸು ಸಚಿವಾಲಯದ ಜಾಲತಾಣದಲ್ಲಿರುವ ಅನುದಾನ ಬೇಡಿಕೆಗಳ ಪುಟಗಳನ್ನು ತೆರೆಯಿರಿ. ಭೂಸೇನೆಯ ರಾಜಸ್ವ ವೆಚ್ಚಕ್ಕೆ 2076, ನೌಕಾಪಡೆಗೆ 2077, ವಾಯುಪಡೆಗೆ 2078, ಬಂಡವಾಳಕ್ಕೆ 4076, ಪಿಂಚಣಿಗೆ 2071 ಎಂಬ ಲೆಕ್ಕ ಶೀರ್ಷಿಕೆ ಸಂಖ್ಯೆಗಳನ್ನು ಬರೆದಿಟ್ಟುಕೊಂಡರೆ ಹುಡುಕಾಟ ಹಗುರಾಗುತ್ತದೆ. ಸ್ಥಾಯಿ ಸಮಿತಿಯ ವರದಿ ಬರುವವರೆಗೆ ಕಾಯಿರಿ. ವರ್ಷದ ನಡುವೆ ಬರುವ ಪೂರಕ ಅಂದಾಜುಗಳನ್ನು ಬಿಡಬೇಡಿ. 2025ರ ಮೇ ತಿಂಗಳ ಆಪರೇಷನ್ ಸಿಂಧೂರದಂಥ ಘಟನೆಯ ಖರ್ಚು ಯಾವ ಬಜೆಟ್ ಅಂದಾಜಿನಲ್ಲೂ ಮೊದಲೇ ಇರುವುದಿಲ್ಲ. 2025–26ರ ವಾಸ್ತವ ವೆಚ್ಚದ ಕಾಲಂ ಸಾರ್ವಜನಿಕರ ಕೈಗೆ ಸಿಗುವುದು 2027ರ ಫೆಬ್ರವರಿಯ ಪತ್ರಗಳಲ್ಲಿ. ₹1,80,000 ಕೋಟಿ ಎಂದು ಬರೆದಿಟ್ಟ ಹಾಳೆಯಲ್ಲಿ ಅದರ ಪಕ್ಕಕ್ಕೆ ಒಂದು ಖಾಲಿ ಜಾಗವನ್ನು ಈಗಲೇ ಬಿಟ್ಟಿರಿ.